ಮಗು ಮುಂದೆ ಹೋದ್ರೆ ಹಿಂದೆ ಯಾರು ಬರ್ತಿದಾರೆ?

ಮೈಸೂರಲ್ಲಿ ಒಂದಷ್ಟು ಎಳೇ ಮಕ್ಕಳ ಅಪ್ಪ ಅಮ್ಮಂದಿರು ಸೇರ್ಕೊಂಡು ಮಗು ತನ್ನ ಇಷ್ಟಕ್ಕೆ, ತನ್ನ ವೇಗಕ್ಕೆ ಕಲಿಯೋ ಸ್ಕೂಲುಗಳ ಬಗ್ಗೆ ಒಂದು ಭಾನುವಾರ ಬೆಳಗ್ಗೆ ನನ್ನನ್ನ ಮಾತಾಡೋಕೆ ಕರೆದಿದ್ರು. ಸಮುದಾಯ ಭವನದ ಮೇಲ್ಗಡೆ ಹಾಲ್, ಮೂವತ್ತು ನಲವತ್ತು ಪ್ಲಾಸ್ಟಿಕ್ ಚೇರು, ಹಿಂದಿನ ಸಾಲಲ್ಲಿ ಒಂದಿಬ್ಬರು ಅಜ್ಜ ಅಜ್ಜಿನೂ ಇದ್ರು. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಮಾತಾಡಿದ್ದು ಮಾತಾಡಿದ ಹಾಗೇ ಇದೆ, ತುಂಬಾ ಹರಟೆ ಆದ ಕಡೆ ಮಾತ್ರ ಕತ್ತರಿ ಹಾಕಿದೀನಿ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ವಿಷಯ ಕೇಳ್ತೀನಿ, ಇಲ್ಲಿರೋರಲ್ಲಿ ಎಷ್ಟು ಜನರ ಮಗೂಗೆ ಎರಡೂವರೆ ಮೂರು ವರ್ಷ? ನೋಡಿ, ಮುಕ್ಕಾಲು ಹಾಲ್ ಕೈ ಎತ್ತಿದೆ. ಅಂದ್ರೆ ನಿಮ್ಮ ಫೋನಲ್ಲಿ ಈಗಾಗ್ಲೇ ಒಂದು ಲಿಸ್ಟ್ ಇರುತ್ತೆ, ಒಂದು ಮಾಂಟೆಸರಿ, ಒಂದು ವಾಲ್ಡಾರ್ಫ್, ಯಾರೋ ಫ್ರೆಂಡ್ ಹೇಳಿದ, ತತ್ವಜ್ಞಾನಿ ಜಿಡ್ಡು ಕೃಷ್ಣಮೂರ್ತಿಯವರ ವಿಚಾರದ ಸ್ಕೂಲು, ಆಮೇಲೆ ಊರ ಹೊರಗೆ ಮಾವಿನ ತೋಪಲ್ಲಿ ನಡೆಯೋ 'ಕ್ಲಾಸೇ ಇಲ್ಲ, ಮಗು ಏನು ಬೇಕೋ ಅದು ಕಲೀಬಹುದು' ಅನ್ನೋ ಒಂದು ಜಾಗ, ಕೊನೇಲಿ ಅತ್ತೆ ಮಾವನ ಸಮಾಧಾನಕ್ಕೆ ಅಂತ ಬಸ್ ಬರೋ ಒಂದು ಮಾಮೂಲಿ ಸ್ಕೂಲು. ಎಲ್ಲಾ ಕಡೆ ಹೋಗಿ ಬಂದಿರ್ತೀರಿ, ಎಲ್ಲಾ ಕಡೆನೂ ಚೆನ್ನಾಗೇ ಮಾತಾಡಿರ್ತಾರೆ, ಮನೆಗೆ ಬಂದ್ಮೇಲೆ ತಲೆ ಇನ್ನೂ ಕೆಟ್ಟಿರುತ್ತೆ.

ನಾನು ಮಾಂಟೆಸರಿ ಟ್ರೈನಿಂಗ್ ಮಾಡ್ಕೊಂಡು ಹದಿನಾಲ್ಕು ವರ್ಷ ಇಂಥ ಸ್ಕೂಲುಗಳಲ್ಲೇ ಕೆಲಸ ಮಾಡಿದೀನಿ, ಆಮೇಲೆ ನಾಲ್ಕು ವರ್ಷ ಒಂದು ಮಾಮೂಲಿ ಸ್ಕೂಲಲ್ಲೂ ಮಾಡಿದೀನಿ. ಮಗನ್ನ ಇಂಥ ಕಡೆ ಹಾಕಿದ್ದೆ, ಮಗಳು ಐದನೇ ಕ್ಲಾಸಿಗೆ ಬರೋ ಹೊತ್ತಿಗೆ 'ನಂಗೆ ಯೂನಿಫಾರ್ಮ್ ಇರೋ ಸ್ಕೂಲು ಬೇಕು' ಅಂತ ಹಟ ಹಿಡಿದ್ಲು, ಸರಿ ಅಂತ ಕಳಿಸಿದೆ, ಅವಳ ಇಷ್ಟದ ಹಾಗೆ ತಾನೇ ನಡೀಬೇಕಾಗಿದ್ದು (ನಗು). ಹಾಗಾಗಿ ಇವತ್ತು ಯಾವ ಸ್ಕೂಲಿನ ಪರವಾಗಿಯೂ ವಕಾಲತ್ತು ಮಾಡೋಕೆ ಬಂದಿಲ್ಲ.

ಮೊದಲು ಒಂದು ರಾಗಿ ಕತೆ ಹೇಳ್ತೀನಿ. ಮೂರು ವರ್ಷದ ಒಬ್ಬ ಹುಡುಗ, ನಮ್ಮಲ್ಲಿ ಸೇರಿ ಇನ್ನೂ ಎರಡು ತಿಂಗಳಾಗಿರ್ಲಿಲ್ಲ. ಒಂದು ಟ್ರೇ, ಅದರಲ್ಲಿ ಎರಡು ಸಣ್ಣ ಜಗ್ಗು, ಒಂದರಲ್ಲಿ ರಾಗಿ. ಈ ಜಗ್ಗಿಂದ ಆ ಜಗ್ಗಿಗೆ ಸುರೀಬೇಕು, ಮತ್ತೆ ಆ ಕಡೆಯಿಂದ ಈ ಕಡೆಗೆ, ಅಷ್ಟೇ ಕೆಲಸ. ಅವನು ಟ್ರೇ ಎತ್ಕೊಂಡು ಬರ್ತಾ ಒಂದು ಕಡೆ ವಾಲಿಸಿಬಿಟ್ಟ, ರಾಗಿ ನೆಲದ ತುಂಬ. ನಮ್ಮ ಮನೇಲಾದ್ರೆ ಏನ್ಮಾಡ್ತೀವಿ? 'ಅಯ್ಯೋ ಸರಿ ಆಕಡೆ' ಅಂತ ಪೊರಕೆ ತರ್ತೀವಿ. ನಾನೂ ಎದ್ದೇಬಿಟ್ಟೆ, ಪಕ್ಕದಲ್ಲಿದ್ದ ಹಿರಿಯ ಟೀಚರ್ ನನ್ನ ಸೆರಗು ಹಿಡಿದು ಕೂರಿಸಿದ್ರು. ಹುಡುಗ ಒಂದು ನಿಮಿಷ ನೆಲ ನೋಡ್ದ, ನಮ್ಮ ಕಡೆ ನೋಡ್ದ, ಯಾರೂ ಬೈತಿಲ್ಲ ಅಂತ ಗೊತ್ತಾಯ್ತು, ಕೂತ್ಕೊಂಡು ಕೈಯಲ್ಲಿ ಗುಡಿಸೋಕೆ ನೋಡ್ದ, ರಾಗಿ ಕಾಳು ಗೊತ್ತಲ್ಲ, ಗುಡಿಸಿದಷ್ಟೂ ಓಡುತ್ತೆ. ಆಮೇಲೆ ಹೇಗೋ ಬೆರಳು ಬಾಯಿಗೆ ಹಾಕ್ದ, ಒದ್ದೆ ಬೆರಳು ನೆಲಕ್ಕೆ ಒತ್ತಿದ್ರೆ ಐದಾರು ಕಾಳು ಅಂಟ್ಕೊಂಡು ಬಂತು! ಅವನ ಮುಖ ನೋಡ್ಬೇಕಿತ್ತು ನೀವು. ಇಪ್ಪತ್ತು ನಿಮಿಷ ಅದೇ ಕೆಲಸ, ಹೀಗೆ ಒತ್ತೋದು, ಜಗ್ಗಿನ ಅಂಚಿಗೆ ಒರೆಸೋದು, ಮತ್ತೆ ಒತ್ತೋದು. (ಆ ಎಂಜಲು ರಾಗಿನ ಆಮೇಲೆ ನಾವು ಹಕ್ಕಿಗೆ ಹಾಕಿದ್ವಿ, ಗಾಬರಿ ಆಗ್ಬೇಡಿ.)

ಈ ಕತೆ ಕೇಳಿದ್ರೆ ಎಲ್ಲರೂ ಹುಡುಗನ್ನ ನೋಡ್ತಾರೆ, ಆಹಾ ಎಷ್ಟು ಚೆನ್ನಾಗಿ ತಾನೇ ಕಂಡುಹಿಡಿದ ಅಂತ. ನೀವು ಆ ಹಿರಿಯ ಟೀಚರ್‌ನ ನೋಡ್ಬೇಕು. ಅವರು ಸುಮ್ನೆ ಕೂತಿರ್ಲಿಲ್ಲ. ತೊಡೆ ಮೇಲೆ ಒಂದು ನೂರು ಪೇಜಿನ ನೋಟ್‌ಬುಕ್ಕು, ಅದರಲ್ಲಿ ಅವನ ಹೆಸರಿನ ಪೇಜು, ತಾರೀಖು, ಟೈಮು, 'ಟ್ರೇ ಎಡಗೈ ಕಡೆ ವಾಲುತ್ತೆ, ಬೆರಳ ಹಿಡಿತ ಚೆನ್ನಾಗಿದೆ, ಚೆಲ್ಲಿದ್ದಕ್ಕೆ ಅಳಲಿಲ್ಲ, ಇಪ್ಪತ್ತು ನಿಮಿಷ ಗಮನ, ನಾಳೆ ನೀರು ಸುರಿಯೋದು ತೋರಿಸಬಹುದು' ಅಂತ ಬರ್ಕೊಂಡಿದ್ರು. ಮಾರನೇ ದಿನ ನೀರಿನ ಜಗ್ಗು ಅವನ ಮುಂದೆ ಬಂತು. ಅವನಿಗೆ ಅದು ತಾನೇ ಆರಿಸ್ಕೊಂಡ ಕೆಲಸ, ಅವರಿಗೆ ನಿನ್ನೆ ಬರೆದಿಟ್ಟ ಕೆಲಸ.

ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ ನೋಡಿ. 'ಮಗು ಮುಂದೆ ನಡೆಯುತ್ತೆ, ನಾವು ಹಿಂದೆ ಬರ್ತೀವಿ' ಅಂತ ಎಲ್ಲಾ ಸ್ಕೂಲಿನವರೂ ಹೇಳ್ತಾರೆ. ಮಗು ಮುಂದೆ ನಡೆಯೋದು ದೊಡ್ಡ ವಿಷಯ ಅಲ್ಲ, ಅದು ಬಿಟ್ರೆ ನಡೆಯುತ್ತೆ. ಹಿಂದೆ ನಿಜವಾಗ್ಲೂ ಯಾರಾದ್ರೂ ಬರ್ತಿದಾರಾ ಅನ್ನೋದನ್ನ ಕೇಳಿ. ನಿಮ್ಮಲ್ಲಿ ಮಕ್ಕಳಿಗೆ ಎಷ್ಟು ಸ್ವಾತಂತ್ರ್ಯ ಇದೆ ಅಂತ ಕೇಳ್ಬೇಡಿ, ಹೋದ ವಾರದ ನೋಟ್‌ಬುಕ್ ಒಂದು ಪೇಜು ತೋರ್ಸಿ, ಮಗು ಹೆಸರು ಮುಚ್ಕೊಂಡೇ ತೋರ್ಸಿ ಪರವಾಗಿಲ್ಲ ಅಂತ ಕೇಳಿ. ಬರೆಯೋರು ಖುಷಿಯಿಂದ ತೆಗೆದು ತೋರಿಸ್ತಾರೆ, ಬರೆಯದೇ ಇರೋರು ಫಿಲಾಸಫಿ ಶುರು ಮಾಡ್ತಾರೆ.

ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಈ ಸ್ಕೂಲುಗಳು ಯಾರಿಗೆ ಅಂತ ಶುರುವಾದವು ಅನ್ನೋದು ನಮ್ಮ ಊರಲ್ಲಿ ಮರೆತೇ ಹೋಗಿದೆ. ಮಾರಿಯಾ ಮಾಂಟೆಸರಿ ಡಾಕ್ಟ್ರು. 1907ರ ಜನವರಿಯಲ್ಲಿ ರೋಮ್ ಊರಿನ ಸಾನ್ ಲೊರೆಂಜೊ ಅನ್ನೋ ಬಡವರ ಕೇರಿಯಲ್ಲಿ ಅವರ ಮೊದಲ ಸ್ಕೂಲು, 'ಮಕ್ಕಳ ಮನೆ', ಶುರುವಾಗಿದ್ದು. ಅಲ್ಲಿ ಹೊಸದಾಗಿ ರಿಪೇರಿ ಮಾಡಿದ ವಠಾರದ ಕಟ್ಟಡಗಳಿದ್ವು, ಅಪ್ಪ ಅಮ್ಮ ಕೂಲಿಗೆ ಹೋದ್ಮೇಲೆ ಮಕ್ಕಳು ಗೋಡೆ ಗೀಚಿ ಹಾಳು ಮಾಡ್ತಿದ್ವು, ಈ ಮಕ್ಕಳನ್ನ ಒಂದು ಕಡೆ ಕೂಡಿಹಾಕಿ ನಮ್ಮ ಗೋಡೆ ಉಳಿಸಿ ಅಂತ ಕಟ್ಟಡದವರು ಇವರನ್ನ ಕರೆದಿದ್ದು. ಇಡೀ ಪದ್ಧತಿ ಹುಟ್ಟಿದ್ದು ಸುಣ್ಣ ಉಳಿಸೋಕೆ! ಆಮೇಲೆ 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ, ಥಿಯಾಸಾಫಿಕಲ್ ಸೊಸೈಟಿಯವರು ಕರೆದ್ರು ಅಂತ ಟೀಚರ್ ಟ್ರೈನಿಂಗ್ ಕೊಡೋಕೆ ಬಂದ್ರು. ಕೆಲವು ತಿಂಗಳಿದ್ದು ಹೋಗೋಣ ಅಂತ ಬಂದೋರು. ಅಷ್ಟರಲ್ಲಿ ಯುದ್ಧ ಜೋರಾಯ್ತು, ಇಟಲಿ ಬ್ರಿಟಿಷರ ವಿರುದ್ಧ ನಿಂತ್ಬಿಡ್ತು, ಇವರು ಇಟಲಿಯವರು, ಮಗ ಮಾರಿಯೊನ ಹಿಡಿದು ಇಟ್ರು, ಇವರನ್ನ ಅಡ್ಯಾರ್ ಬಿಟ್ಟು ಹೋಗೋ ಹಾಗಿಲ್ಲ ಅಂದ್ರು. 1940ರ ಆಗಸ್ಟಲ್ಲಿ ಅವರಿಗೆ ಎಪ್ಪತ್ತು ತುಂಬಿದ ಹೊತ್ತಲ್ಲಿ ವೈಸರಾಯ್ ಮಗನ್ನ ಬಿಡಿಸಿ ಕಳಿಸಿದ್ರಂತೆ, ಹುಟ್ಟುಹಬ್ಬದ ಉಡುಗೊರೆ. ಯುದ್ಧ ಮುಗಿಯೋವರೆಗೂ ಇಲ್ಲೇ ಉಳಿದ್ರು, ಕೊಡೈಕೆನಾಲಲ್ಲಿ ಕೂತು ಆರರಿಂದ ಹನ್ನೆರಡು ವರ್ಷದ ಮಕ್ಕಳ ಕಲಿಕೆ ಬಗ್ಗೆ ಕೆಲಸ ಮಾಡಿದ್ರು. ಇಷ್ಟು ಹತ್ತಿರದ ಕತೆ ಇದು, ನಾವು ಏನೋ ಅಮೆರಿಕದಿಂದ ಬಂದ ಫ್ಯಾಷನ್ ಅನ್ಕೊಂಡಿದೀವಿ.

ವಾಲ್ಡಾರ್ಫ್ ಕೂಡ ಹಾಗೇ, 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಲ್ಲಿ ಸಿಗರೇಟ್ ಫ್ಯಾಕ್ಟರಿ ಕೆಲಸಗಾರರ ಮಕ್ಕಳಿಗೆ ಅಂತ ರುಡಾಲ್ಫ್ ಸ್ಟೈನರ್ ಶುರು ಮಾಡಿದ್ದು, ಫ್ಯಾಕ್ಟರಿ ಹೆಸರೇ ಸ್ಕೂಲಿಗೆ ಬಂತು. ಅಲ್ಲಿ ಏಳು ವರ್ಷದವರೆಗೆ ಅಕ್ಷರ ತಿದ್ದಿಸಲ್ಲ, ಕತೆ, ಹಾಡು, ಮಣ್ಣು, ಬಣ್ಣ. ಮಾಂಟೆಸರಿಯಲ್ಲಿ ಮೂರು ಮೂರೂವರೆಗೇ ಉಪ್ಪುಕಾಗದದ, ಅಂದ್ರೆ ಸ್ಯಾಂಡ್‌ಪೇಪರಿನ ಅಕ್ಷರದ ಮೇಲೆ ಬೆರಳಾಡಿಸ್ತಾರೆ. ಎರಡೂ ಮಕ್ಕಳ ಇಷ್ಟದ ಸ್ಕೂಲೇ ಅಂತೀವಿ, ಆದ್ರೆ ಎರಡರ ನಂಬಿಕೆ ಉತ್ತರ ದಕ್ಷಿಣ, ಎರಡೂ ಒಂದೇ ಅನ್ಕೊಂಡು ಹತ್ತಿರ ಇರೋದಕ್ಕೆ ಸೇರಿಸಿಬಿಟ್ರೆ ಆಮೇಲೆ ಒದ್ದಾಡ್ತೀರಿ.

ಇನ್ನು ನಮ್ಮ ಕೋಲಾರದ ಕತೆ, ಇದು ನನಗೆ ತುಂಬ ಇಷ್ಟ. ಡೇವಿಡ್ ಹಾರ್ಸ್‌ಬರ್ಗ್ ಅಂತ ಒಬ್ಬರು ಇಂಗ್ಲಿಷ್‌ನವರು, ಯುದ್ಧದ ಕಾಲದಲ್ಲಿ ಈ ಕಡೆ ಬಂದೋರು, ಮದನಪಲ್ಲಿ ಹತ್ತಿರದ ಋಷಿವ್ಯಾಲಿಯಲ್ಲೆಲ್ಲ ಪಾಠ ಮಾಡಿ, 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಅಂತ ಒಂದು ಸ್ಕೂಲು ಶುರು ಮಾಡಿದ್ರು. ಮಕ್ಕಳು ಸುತ್ತಮುತ್ತಲ ಹಳ್ಳಿಯವರು, ಫೀಸಿಲ್ಲ, ಪರೀಕ್ಷೆ ಇಲ್ಲ, ಒಂದನೇ ಕ್ಲಾಸು ಎರಡನೇ ಕ್ಲಾಸು ಅನ್ನೋ ಗೋಡೆ ಇಲ್ಲ, ದೊಡ್ಡ ಮಕ್ಕಳು ಚಿಕ್ಕವರ ಜೊತೆಗೇ ಕೂರ್ತಿದ್ರು. ಮರಗೆಲಸ, ಮಡಕೆ ಮಾಡೋದು, ಹೊಲಿಗೆ, ಹಾಡು, ಅದರ ಜೊತೆಗೇ ಲೆಕ್ಕ, ಭಾಷೆಗಳು. ಇಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಜನ ಲಕ್ಷಗಟ್ಟಲೆ ಕೊಟ್ಟು ಹುಡುಕ್ತಾ ಇರೋದನ್ನ ಒಂದು ಬಯಲುಸೀಮೆ ಹಳ್ಳಿಯಲ್ಲಿ ಗೇಯೋರ ಮಕ್ಕಳಿಗೆ ಪುಕ್ಕಟೆ ಕೊಡ್ತಿದ್ರು. 1984ರಲ್ಲಿ ಅವರು ತೀರ್ಕೊಂಡ್ರು. ಅವರ ಹತ್ರ ಟ್ರೈನಿಂಗ್ ತಗೊಂಡ ಟೀಚರುಗಳು ಬೇರೆ ಬೇರೆ ಕಡೆ ಸಣ್ಣ ಸಣ್ಣ ಸ್ಕೂಲು ಮಾಡಿದ್ರು, ಈ ಕಡೆ ನೀವು ನೋಡೋ ಎಷ್ಟೋ ತೋಟದ ಸ್ಕೂಲುಗಳಿಗೆ ಬೇರು ಅಲ್ಲಿದೆ, ಇನ್ನಷ್ಟಕ್ಕೆ ಬೇರು ಕೃಷ್ಣಮೂರ್ತಿಯವರ ಋಷಿವ್ಯಾಲಿಯಲ್ಲೂ ಕನಕಪುರ ರಸ್ತೆಯ ವ್ಯಾಲಿ ಸ್ಕೂಲಲ್ಲೂ ಇದೆ.

ಸರಿ, ಹೆಸರಿನ ವಿಷಯ. ಮಾಂಟೆಸರಿ ಅನ್ನೋ ಹೆಸರು ಯಾರಪ್ಪನ ಮನೆ ಆಸ್ತಿನೂ ಅಲ್ಲ, ನಾಳೆ ನೀವು ಗ್ಯಾರೇಜಲ್ಲಿ ನಾಲ್ಕು ಚೇರ್ ಹಾಕಿ ಬೋರ್ಡ್ ಬರೆಸಿದ್ರೂ ಯಾರೂ ಕೇಳಲ್ಲ. ನಾನು ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದೆ, ಯಾವುದು ಎಲ್ಲಿ ಅಂತ ಬೇಡ. ಬೋರ್ಡ್ ಮೇಲೆ ದೊಡ್ಡದಾಗಿ ಮಾಂಟೆಸರಿ, ಒಳಗೆ ಪಿಂಕ್ ಟವರ್ ಗಾಜಿನ ಬೀರುವಲ್ಲಿ ಬೀಗ ಹಾಕಿ ಇಟ್ಟಿದ್ರು, ವಿಸಿಟರ್ಸ್ ಬಂದಾಗ ತೆಗೀತೀವಿ ಇಲ್ಲಾಂದ್ರೆ ಮಕ್ಕಳು ಹಾಳು ಮಾಡ್ತಾರೆ ಅಂದ್ರು. ಪಿಂಕ್ ಟವರ್ ಅಂದ್ರೆ ಗುಲಾಬಿ ಬಣ್ಣದ ಹತ್ತು ಮರದ ಘನ, ಒಂದು ಸೆಂಟಿಮೀಟರಿಂದ ಹತ್ತು ಸೆಂಟಿಮೀಟರವರೆಗೆ, ಮಗು ದಿನಾ ಹೊತ್ಕೊಂಡು ಹೋಗಿ ಜೋಡಿಸ್ಬೇಕಾದ ವಸ್ತು ಅದು, ದೇವರ ಮನೆ ಬೆಳ್ಳಿ ಸಾಮಾನಲ್ಲ. ಹಾಗಾಗಿ ನೋಡೋಕೆ ಹೋದಾಗ ವಸ್ತುಗಳ ಬಣ್ಣ ಮಾಸಿದೆಯಾ, ಅಂಚು ಸವೆದಿದೆಯಾ ನೋಡಿ, ಸವೆದಿದ್ರೆ ಒಳ್ಳೇದು. ಎರಡೂವರೆಯಿಂದ ಆರು ವರ್ಷದ ಮಕ್ಕಳು ಒಂದೇ ರೂಮಲ್ಲಿ ಇದಾರಾ, ಬೆಳಗ್ಗೆ ಎರಡೂವರೆ ಮೂರು ಗಂಟೆ ಬೆಲ್ ಇಲ್ಲದೆ ಒಂದೇ ಓಟ ಕೆಲಸ ಮಾಡೋಕೆ ಬಿಡ್ತಾರಾ, ಅಥವಾ ಅರ್ಧರ್ಧ ಗಂಟೆಗೆ ಡ್ಯಾನ್ಸು, ಕರಾಟೆ, ಫೋನಿಕ್ಸ್ ಅಂತ ಎಬ್ಬಿಸ್ತಾರಾ. ಹತ್ತೂವರೆ ಹೊತ್ತಿಗೆ ಹೋಗಿ ಒಂದು ಮೂಲೇಲಿ ಕೂತು ಒಂದು ಗಂಟೆ ನೋಡ್ತೀವಿ ಅಂತ ಕೇಳಿ. ಓಪನ್ ಹೌಸ್ ದಿನ ಹೋಗ್ಬೇಡಿ, ಅವತ್ತು ಮದುವೆ ಮನೆ.

ಈಗ ನನ್ನ ಮಗನ ವಿಷಯ. ಅವನಿಗೆ ಎಂಟೂವರೆ ವರ್ಷ ಆದ್ರೂ ಓದೋಕೆ ಬರ್ತಿರ್ಲಿಲ್ಲ. ನಮ್ಮ ಯಜಮಾನ್ರ ಅಕ್ಕನ ಮಗಳ ಮದುವೆ, ಹಾಸನದಲ್ಲಿ, ಊಟಕ್ಕೆ ಕೂತಿದೀವಿ, ಎಲೆ ಹಾಕಿದಾರೆ, ಭಾವ ಎದುರಿಗೆ ಕೂತು ಲಗ್ನಪತ್ರಿಕೆ ತೆಗೆದು 'ಎಲ್ಲಿ ಮರಿ, ಓದು ನೋಡೋಣ' ಅಂದ್ರು. ಅವನು ಪತ್ರಿಕೆ ತಿರುಗಿಸಿ ಗಣೇಶನ ಚಿತ್ರ ನೋಡ್ದ. ಸಾಲಲ್ಲಿ ಪೂರ್ತಿ ನಿಶ್ಶಬ್ದ. ಅತ್ತೆ ಪಲ್ಯ ಬಡಿಸ್ತಿದ್ದೋರು ನಿಂತ್ಬಿಟ್ಟು 'ಮಗ್ಗಿ ಆದ್ರೂ ಹೇಳೋ ಕಂದ' ಅಂದ್ರು. ಮಗ್ಗಿನೂ ಬರಲ್ಲ. ಅವತ್ತು ನಾನು ಪಾಯಸ ತಿಂದ್ನೋ ಇಲ್ವೋ ನೆನಪಿಲ್ಲ. ಟೀಚರ್ ಆಗಿ ನೂರು ಜನಕ್ಕೆ 'ಕಾಯಿರಿ' ಅಂತ ಹೇಳಿದ್ದೆ, ತಾಯಿಯಾಗಿ ಒಂದು ಪಂಕ್ತಿ ಊಟ ಮುಗಿಯೋವರೆಗೆ ಕಾಯೋಕೆ ಆಗ್ಲಿಲ್ಲ. ವಾಪಸ್ ಬಂದೋಳೇ ಅವನ ಅಕ್ಕನ ಹತ್ರ ಹೋದೆ, ಅಕ್ಕ ಅಂದ್ರೆ ಟೀಚರ್, ಅಲ್ಲೆಲ್ಲ ಟೀಚರನ್ನ ಅಕ್ಕ ಅಣ್ಣ ಅಂತಾನೇ ಕರೆಯೋದು. ಅವರು ನೋಟ್‌ಬುಕ್ ತೆಗೆದ್ರು. ಜೂನಲ್ಲಿ ಅಕ್ಷರದ ಸದ್ದು ಗುರುತಿಸ್ತಾನೆ, ಆಗಸ್ಟಲ್ಲಿ ಒತ್ತಕ್ಷರ ಇಲ್ಲದ ಪದ ಜೋಡಿಸ್ತಾನೆ, ನವೆಂಬರಲ್ಲಿ ಅಂಗಡಿ ಬೋರ್ಡು ಓದೋಕೆ ನೋಡ್ತಾನೆ, ಯಾರಾದ್ರೂ ಓದು ಅಂದ್ರೆ ನಿಲ್ಲಿಸ್ತಾನೆ, ಹೀಗೆ ಪೇಜುಗಟ್ಟಲೆ. ನಿಧಾನ, ಆದ್ರೆ ನಡೀತಾ ಇದಾನೆ. ನಾಲ್ಕೈದು ತಿಂಗಳಿಗೆ ಓದೋಕೆ ಶುರು ಮಾಡಿದ, ಆಮೇಲೆ ಇಡ್ಲಿ ಕಟ್ಟಿದ ಪೇಪರ್ ಕೂಡ ಬಿಡ್ತಿರ್ಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಚಪ್ಪಾಳೆ ಬರುತ್ತೆ. ಆದ್ರೆ ಇದರ ಇನ್ನೊಂದು ಮುಖ ಇದೆ, ಅದರಲ್ಲಿ ತಪ್ಪು ನಂದೇ. ಅದಕ್ಕೂ ಎರಡು ವರ್ಷ ಮುಂಚೆ ನನ್ನ ಗುಂಪಲ್ಲಿ ಒಬ್ಬಳು ಹುಡುಗಿ ಇದ್ಲು, ಚೂಟಿ, ಕತೆ ಹೇಳಿದ್ರೆ ಹೇಳಿದ ಹಾಗೇ ತಿರುಗಿಸಿ ಹೇಳ್ತಿದ್ಲು, ಚಿತ್ರ ಬರೀತಿದ್ಲು, ಓದೋ ಕಡೆ ಮಾತ್ರ ಬರ್ತಿರ್ಲಿಲ್ಲ. ಅವಳಮ್ಮ ಬಂದು ಕೇಳ್ದಾಗೆಲ್ಲ ನಾನು 'ಅವಳಿಗೆ ಇನ್ನೂ ಮನಸ್ಸಾಗಿಲ್ಲ, ಕಾಯೋಣ' ಅಂದೆ. ಆ ವರ್ಷ ನಮ್ಮಲ್ಲಿ ಇಬ್ಬರು ಟೀಚರ್ ಬಿಟ್ಟು ಹೋಗಿದ್ರು, ಮಕ್ಕಳು ಜಾಸ್ತಿ, ನಾನು ನೋಟ್‌ಬುಕ್ ಬರೆಯೋದೇ ಬಿಟ್ಟಿದ್ದೆ, ತಲೇಲಿ ಇದೆಯಲ್ಲ ಅಂತ. ಹತ್ತು ವರ್ಷ ತುಂಬಿದ್ಮೇಲೆ ಅವರಮ್ಮ ತಾವೇ ಟೆಸ್ಟ್ ಮಾಡಿಸಿದ್ರು, ಡಿಸ್ಲೆಕ್ಸಿಯಾ, ಅಂದ್ರೆ ಓದು ಬರಹ ಕಲಿಯೋದೇ ಕಷ್ಟ ಆಗೋ ತೊಂದರೆ. ಎರಡು ವರ್ಷ ಮುಂಚೆ ಗೊತ್ತಾಗಿದ್ರೆ ಎರಡು ವರ್ಷ ಮುಂಚೆ ಸಹಾಯ ಶುರುವಾಗ್ತಿತ್ತು. ನನ್ನ ಮಗ ನಿಧಾನ ಇದ್ದ, ಆ ಹುಡುಗಿ ಸಿಕ್ಕಿಹಾಕ್ಕೊಂಡಿದ್ಲು, ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ಸುತ್ತೆ, ಬರೆದಿಟ್ಟ ಪೇಜು ತಿರುಗಿಸಿದ್ರೆ ಮಾತ್ರ ಗೊತ್ತಾಗುತ್ತೆ, ಒಬ್ಬನ ಪೇಜಲ್ಲಿ ತಿಂಗಳು ತಿಂಗಳಿಗೆ ಏನೋ ಬದಲಾಗ್ತಿರುತ್ತೆ, ಇನ್ನೊಬ್ಬಳ ಪೇಜಲ್ಲಿ ಅದೇ ಅದೇ ಇರುತ್ತೆ. ನಾನು ಆ ಅಮ್ಮನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವರು ಕಾಫಿ ಕೊಟ್ರು, ಬೈದಿದ್ರೆ ವಾಸಿಯಾಗಿತ್ತು. ಅದಕ್ಕೇ ಹೇಳ್ತೀನಿ, ಸ್ಕೂಲಿನವರು 'ಕಾಯಿರಿ' ಅಂದ್ರೆ ಎಷ್ಟು ದಿನ, ಏನನ್ನ ನೋಡ್ತಾ ಕಾಯ್ಬೇಕು, ಯಾವಾಗ ಕಾಯೋದು ನಿಲ್ಲಿಸ್ಬೇಕು ಅಂತ ಮೂರೂ ಕೇಳಿ.

ಈಗ ಕಾಗದ ಪತ್ರದ ವಿಷಯ, ಬೇಜಾರಿನ ಭಾಗ, ಆದ್ರೆ ಇದನ್ನ ಕೇಳದೇ ಸೇರಿಸಿ ಅತ್ತೋರು ತುಂಬ ಜನ. 2009ರ ಶಿಕ್ಷಣ ಹಕ್ಕು ಕಾಯ್ದೆ, ಆರ್‌ಟಿಇ ಅಂತೀವಲ್ಲ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಅದರ ಪ್ರಕಾರ ಮಾನ್ಯತೆ ಇಲ್ಲದೆ ಸ್ಕೂಲು ನಡೆಸೋ ಹಾಗಿಲ್ಲ, ನಡೆಸಿದ್ರೆ ಒಂದು ಲಕ್ಷದವರೆಗೆ ದಂಡ ಇದೆ. ಆದ್ರೂ ಕಲಿಕಾ ಕೇಂದ್ರ, ಲರ್ನಿಂಗ್ ಕಮ್ಯುನಿಟಿ ಅಂತೆಲ್ಲ ಹೆಸರಿಟ್ಕೊಂಡು ನಡೆಯೋ ಜಾಗಗಳಿವೆ, ಅದರಲ್ಲಿ ಕೆಲವು ನಿಜಕ್ಕೂ ಒಳ್ಳೆಯವು, ನಾನು ಸುಳ್ಳು ಹೇಳಲ್ಲ. ನೀವು ನೇರವಾಗಿ ಕೇಳಿ, ನಿಮಗೆ ಡೈಸ್ ಕೋಡ್, ಅಂದ್ರೆ ಸರ್ಕಾರ ಸ್ಕೂಲಿಗೆ ಕೊಡೋ ಗುರುತಿನ ನಂಬರ್ ಇದೆಯಾ, ನನ್ನ ಮಗೂಗೆ ಸ್ಯಾಟ್ಸ್ ನಂಬರ್, ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಮಗುವಿನ ನಂಬರ್ ಬರುತ್ತಾ, ಬಿಟ್ಟು ಹೋಗುವಾಗ ಟಿಸಿ ಕೊಡ್ತೀರಾ ಅಂತ. ಇಲ್ಲ ಅಂದ್ರೆ ಇಲ್ಲ ಅಂತ ಹೇಳೋರನ್ನ ನಾನು ಗೌರವಿಸ್ತೀನಿ, 'ಅದೆಲ್ಲ ನೋಡ್ಕೊಳೋಣ ಬಿಡಿ' ಅನ್ನೋರ ಹತ್ರ ಹುಷಾರು. ನಂಗೆ ಗೊತ್ತಿರೋ ಒಂದು ಜಾಗ ವರ್ಷದ ಮಧ್ಯದಲ್ಲಿ ಮುಚ್ಚಿ ಹೋಯ್ತು, ಜಾಗದ ಓನರ್ ಲೀಸ್ ಮುಂದುವರಿಸ್ಲಿಲ್ಲ, ಅಷ್ಟೇ ಕಾರಣ. ಡಿಸೆಂಬರ್ ತಿಂಗಳು, ಇಪ್ಪತ್ತು ಚಿಲ್ಲರೆ ಮಕ್ಕಳು, ಯಾರ ಹತ್ರಾನೂ ಟಿಸಿ ಇಲ್ಲ. ದೊಡ್ಡ ಪ್ರೈವೇಟ್ ಸ್ಕೂಲುಗಳು ಜೂನಲ್ಲಿ ಬನ್ನಿ ಅಂದ್ವು. ಬಾಗಿಲು ತೆಗೆದಿದ್ದು ಸರ್ಕಾರಿ ಸ್ಕೂಲು, ಅದೇ ಆರ್‌ಟಿಇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸ್ಕೂಲಿಗೇ ಹೋಗದ ಮಗೂನ ಕೂಡ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೋಬೇಕು, ಹಿಂದೆ ಬಿದ್ದಿದ್ರೆ ಬೇರೆಯಾಗಿ ಹೇಳ್ಕೊಡ್ಬೇಕು. ಅಲ್ಲಿನ ಹೆಡ್‌ಮಾಸ್ಟ್ರು ಒಂದು ಮಾತು ಕುಟುಕದೆ ಮಕ್ಕಳನ್ನ ಕೂರಿಸ್ಕೊಂಡ್ರಂತೆ.

ದೊಡ್ಡ ಕ್ಲಾಸಿನ ದಾರಿಗಳು ಇವೆ, ಗಾಬರಿ ಬೇಡ. ಇಂಥ ಸ್ಕೂಲುಗಳಲ್ಲಿ ಬಹಳಷ್ಟು ಹತ್ತನೇ ಕ್ಲಾಸಿಗೆ ಎನ್‌ಐಒಎಸ್, ಅಂದ್ರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಬೋರ್ಡು, ಇಲ್ಲಾಂದ್ರೆ ಕೇಂಬ್ರಿಡ್ಜ್ ಪರೀಕ್ಷೆ ಬರೆಸ್ತಾರೆ, ಕೆಲವು ಐಸಿಎಸ್‌ಇ. ಎನ್‌ಐಒಎಸ್‌ಗೆ ಹದಿನಾಲ್ಕು ವರ್ಷ ತುಂಬಿರ್ಬೇಕು, ಐದು ವಿಷಯ ಪಾಸಾದ್ರೆ ಸಾಕು, ಒಂದೇ ಸಲಕ್ಕೆ ಎಲ್ಲಾ ಬರೀಬೇಕು ಅಂತಿಲ್ಲ, ಐದು ವರ್ಷದ ಒಳಗೆ ಒಂದೊಂದಾಗಿ ಬರ್ಕೊಂಡು ಹೋಗಬಹುದು. ಆದ್ರೆ ಇಲ್ಲೊಂದು ಮುಳ್ಳಿದೆ, ಇದನ್ನ ಯಾವ ಓಪನ್ ಹೌಸಲ್ಲೂ ಹೇಳಲ್ಲ. ನಮ್ಮ ಸಿಇಟಿಯಲ್ಲಿ ಕರ್ನಾಟಕದ ಸರ್ಕಾರಿ ಕೋಟಾ ಸೀಟಿಗೆ ಹೆಚ್ಚಿನ ಮಕ್ಕಳು ಅರ್ಜಿ ಹಾಕೋ ಕಲಮಿನಲ್ಲಿ, ಒಂದನೇ ಕ್ಲಾಸಿಂದ ಸೆಕೆಂಡ್ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಈ ರಾಜ್ಯದ ಮಾನ್ಯತೆ ಇರೋ ಸಂಸ್ಥೆಗಳಲ್ಲಿ ಓದಿರ್ಬೇಕು ಅಂತಿದೆ, ಓದಿದ್ದಕ್ಕೆ ದಾಖಲೆ ತೋರಿಸ್ಬೇಕು. ಮೂರು ವರ್ಷದ ಮಗೂನ ಇಟ್ಕೊಂಡು ಇಂಜಿನಿಯರಿಂಗ್ ಯೋಚನೆ ಮಾಡಿ ಅಂತಲ್ಲ, ಬೆರಳು ಮಡಚಿ ವರ್ಷ ಎಣಿಸ್ಕೊಳ್ಳಿ ಅಂತ, ಅಷ್ಟೇ.

ಫೀಸು. ಇದನ್ನ ಹೇಳೋಕೆ ಎಲ್ಲರಿಗೂ ಸಂಕೋಚ. ರೋಮಿನ ಕೂಲಿಯವರ ಮಕ್ಕಳಿಗೆ, ಕೋಲಾರದ ಹಳ್ಳಿ ಮಕ್ಕಳಿಗೆ ಹುಟ್ಟಿದ್ದು ಇವತ್ತು ಕಾರಿರೋರ ಮಕ್ಕಳಿಗೆ ಮಾತ್ರ ಅಂತ ಆಗಿದೆ, ವರ್ಷಕ್ಕೆ ಲಕ್ಷ ದಾಟೋದು ಮಾಮೂಲಿ. ಆಗಲ್ಲ ಅನ್ನೋರು ಬೇಜಾರು ಮಾಡ್ಕೋಬೇಡಿ, ನಿಮಗೊಂದು ಜಾಗ ತೋರಿಸ್ತೀನಿ, ಇಲ್ಲಿಂದ ಒಂದೂವರೆ ಗಂಟೆ ದಾರಿ. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಮೇಷ್ಟ್ರುಗಳು ಕೆಲವರು ಋಷಿವ್ಯಾಲಿಗೆ ಹೋಗಿ, ಅಲ್ಲಿ ಸುತ್ತಮುತ್ತ ಹಳ್ಳಿಗಳಿಗೆ ಅಂತ ಮಾಡಿದ್ದ ಸಣ್ಣ ಸ್ಕೂಲುಗಳನ್ನ, ಅಲ್ಲಿ ಮಕ್ಕಳು ಕಾರ್ಡ್ ಹಿಡ್ಕೊಂಡು ತಮ್ಮ ತಮ್ಮ ವೇಗಕ್ಕೆ ಕಲಿಯೋದನ್ನ ನೋಡ್ಕೊಂಡು ಬಂದ್ರು. ಒಬ್ಬ ಮೇಷ್ಟ್ರು, ನಾಲ್ಕು ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ, ಹೊಲದ ಕೆಲಸ ಬಂದ್ರೆ ವಾರಗಟ್ಟಲೆ ಬರದ ಮಕ್ಕಳು, ಅವರಿಗೆ ಇದು ಫ್ಯಾಷನ್ ಆಗಿರ್ಲಿಲ್ಲ, ಬೇರೆ ದಾರಿ ಇರ್ಲಿಲ್ಲ. ಯುನಿಸೆಫ್ ಬೆಂಬಲ ಸಿಕ್ತು, ಅದನ್ನ ಕನ್ನಡಕ್ಕೆ, ನಮ್ಮ ಹಾಡು ಕತೆಗೆ ತಿರುಗಿಸ್ಕೊಂಡು ಮಾಡಿದ್ದೇ ನಲಿ ಕಲಿ. ಆಮೇಲೆ 2009ರ ಆಸುಪಾಸಿನಲ್ಲಿ ರಾಜ್ಯದ ಎಲ್ಲಾ ಕನ್ನಡ ಮಾಧ್ಯಮ ಸರ್ಕಾರಿ ಸ್ಕೂಲುಗಳ ಚಿಕ್ಕ ಕ್ಲಾಸುಗಳಿಗೆ ಬಂತು.

ನೀವು ಚೆನ್ನಾಗಿ ನಡೆಯೋ ಒಂದು ನಲಿ ಕಲಿ ಕ್ಲಾಸಿಗೆ ಹೋಗಿ ನೋಡಿ. ತಲೆ ಮೇಲೆ ದಾರ ಕಟ್ಟಿರ್ತಾರೆ, ಚಪ್ಪರ ಅಂತಾರೆ, ಮಕ್ಕಳು ಬರೆದಿದ್ದೆಲ್ಲ ಅದರಲ್ಲಿ ನೇತಾಡ್ತಿರುತ್ತೆ. ಗೋಡೆಗೆ ಕಲಿಕಾ ಏಣಿ, ಮೆಟ್ಟಿಲು ಮೆಟ್ಟಿಲಾಗಿ ಚಿಹ್ನೆಗಳು. ಬೆಳಗ್ಗೆ ಮಗು ಬಂದು ತಾನು ಎಲ್ಲಿಗೆ ಬಂದಿದೀನಿ ಅಂತ ಏಣಿಯಲ್ಲಿ ನೋಡ್ಕೊಂಡು, ಆ ಗುರುತಿನ ಕಾರ್ಡ್ ಹುಡುಕಿ, ಅದು ಹೇಳಿದ ತಟ್ಟೆಗೆ ಹೋಗಿ ಕೂರುತ್ತೆ. ತಟ್ಟೆ ಅಂದ್ರೆ ಗುಂಪು, ಒಂದು ತಟ್ಟೆಯಲ್ಲಿ ಮೇಷ್ಟ್ರು ಪೂರ್ತಿ ಜೊತೆಗಿರ್ತಾರೆ, ಇನ್ನೊಂದರಲ್ಲಿ ಅರ್ಧ, ಇನ್ನೊಂದರಲ್ಲಿ ಜೊತೆ ಮಕ್ಕಳೇ ಹೇಳ್ಕೊಡ್ತಾರೆ, ಮತ್ತೊಂದರಲ್ಲಿ ತಾನೇ ಮಾಡ್ಬೇಕು. ಹದಿನೈದು ದಿನ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದ್ರೆ ಬಿಟ್ಟ ಮೆಟ್ಟಿಲಿಂದಾನೇ ಶುರು. ಮತ್ತೆ ಗೋಡೆ ಮೇಲೆ ಪ್ರಗತಿ ನೋಟ, ಯಾರು ಎಲ್ಲಿದಾರೆ ಅಂತ ಟಿಕ್ ಹಾಕೋದು. ಅಂದ್ರೆ ನಾನು ಆವಾಗಿಂದ ಹೇಳ್ತಿರೋ ನೋಟ್‌ಬುಕ್ಕು, ಅಲ್ಲಿ ಗೋಡೆಗೇ ಅಂಟಿಸಿದಾರೆ! ಎಲ್ಲಾ ಕಡೆ ಚೆನ್ನಾಗಿ ನಡೀತಿದೆ ಅಂತ ನಾನು ಹೇಳ್ತಿಲ್ಲ. ಕಾರ್ಡು ಹರಿದು ಹೋಗಿರೋ, ಅರವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಇರೋ, ಆ ಒಬ್ಬರೂ ಗಣತಿ ಡ್ಯೂಟಿಗೆ ಹೋಗಿರೋ ಸ್ಕೂಲುಗಳನ್ನೂ ನೋಡಿದೀನಿ, ಮೇಷ್ಟ್ರುಗಳು ಬೈಕೊಂಡು ಟಿಕ್ ಹಾಕೋದನ್ನೂ ನೋಡಿದೀನಿ. ಆದ್ರೂ ನಿಮ್ಮ ಮನೆ ಹತ್ತಿರದ ಸರ್ಕಾರಿ ಸ್ಕೂಲನ್ನ ಲಿಸ್ಟಿಗೆ ಹಾಕ್ಕೊಂಡು ಒಂದು ದಿನ ನೋಡ್ಕೊಂಡು ಬನ್ನಿ, ಆಮೇಲೆ ಬೇಡ ಅನ್ನಿ.

ಇನ್ನೊಂದು ಬಾಯಿಗೆ ಬಂದಿದ್ದು ಹೇಳಿಬಿಡ್ತೀನಿ. ಮಗೂನೇ ಆರಿಸ್ಕೊಳ್ಳುತ್ತೆ ಅನ್ನೋ ಸ್ಕೂಲುಗಳಲ್ಲಿ ಎಷ್ಟೋ ಕಡೆ ಎಲ್ಲವೂ ಇಂಗ್ಲಿಷಲ್ಲೇ ನಡೆಯುತ್ತೆ. ಲೆಕ್ಕದ ಮಣಿಗೆ ಗೋಲ್ಡನ್ ಬೀಡ್ಸು, ಉಪ್ಪುಕಾಗದದ ಅಕ್ಷರಕ್ಕೆ ಸ್ಯಾಂಡ್‌ಪೇಪರ್ ಲೆಟರ್ಸು, ಆ ಅಕ್ಷರನೂ ಎ ಬಿ ಸಿ. ಮನೇಲಿ 'ಅಮ್ಮಾ ಹಸಿವು' ಅನ್ನೋ ಮಗು ಅಲ್ಲಿ ಕಷ್ಟಪಟ್ಟು ಬೇರೆ ಭಾಷೆಯಲ್ಲಿ ಸ್ವತಂತ್ರವಾಗಿರ್ಬೇಕು. ಉಪ್ಪುಕಾಗದದಲ್ಲಿ 'ರ' ಕತ್ತರಿಸಿ ಅಂಟಿಸಿ ನೋಡಿ, ಎಷ್ಟು ದುಂಡಗೆ, ಬೆರಳು ತಾನೇ ಸುತ್ತುತ್ತೆ, ನಮ್ಮ ಲಿಪಿ ಬೆರಳಿಗೇ ಹುಟ್ಟಿದ ಹಾಗಿದೆ. ಧಾರವಾಡದ ಬಾಲಬಳಗ ಅನ್ನೋ ಸ್ಕೂಲಿನ ಥರ ಕನ್ನಡದಲ್ಲೇ ಮಾಡಿ ತೋರಿಸಿದವರಿದ್ದಾರೆ, ಹಾಗಾಗಿ ಕನ್ನಡದಲ್ಲಿ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಮನೆ ವಿಷಯ ಎರಡೇ ಮಾತು. ಬೆಳಗ್ಗೆ ಇಂಥ ಸ್ಕೂಲಿಗೆ ಕಳ್ಸಿ ಸಾಯಂಕಾಲ ಅಬ್ಯಾಕಸ್ಸು ಟ್ಯೂಷನ್ನಿಗೆ ಕಳಿಸೋದಾದ್ರೆ ದಯವಿಟ್ಟು ಮಾಮೂಲಿ ಸ್ಕೂಲಿಗೇ ಕಳ್ಸಿ, ದುಡ್ಡೂ ಉಳಿಯುತ್ತೆ ಮಗೂಗೆ ತಲೆನೂ ಕೆಡಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇಷ್ಟ ಇದ್ರೂ ಕಷ್ಟ, ಪ್ರತಿ ಸಲ ಅಕ್ಕಪಕ್ಕದ ಮಗು ಇಂಗ್ಲಿಷಲ್ಲಿ ರೈಮ್ಸ್ ಹೇಳಿದಾಗ ಜಗಳ ಆಗುತ್ತೆ, ಬರ್ಕೊಳ್ಳಿ.

ಕೊನೇಲಿ ಪ್ರಶ್ನೆಗಳಿಗೆ ಟೈಮ್ ಕೊಟ್ರು. ಎರಡ್ಮೂರು ಜನ ಫೀಸಿನ ಬಗ್ಗೆ, ಬಸ್ಸಿನ ಬಗ್ಗೆ ಕೇಳಿದ್ರು, ಅದನ್ನ ಇಲ್ಲಿ ಬಿಟ್ಟಿದೀನಿ. ಹಿಂದಿನ ಸಾಲಿಂದ ಒಬ್ಬರು ಅಜ್ಜ, ಬಿಳಿ ಪಂಚೆ, ರಿಟೈರ್ಡ್ ಲೆಕ್ಕದ ಮೇಷ್ಟ್ರಂತೆ, ಎದ್ದು ನಿಂತು 'ಅಲ್ಲಮ್ಮಾ, ಇಷ್ಟೊತ್ತು ಹೇಳಿದ್ರಿ, ಎಲ್ಲಾ ಸರಿ, ಮಗ್ಗಿ ಯಾವಾಗ ಹೇಳ್ಕೊಡ್ತಾರೆ?' ಅಂದ್ರು. ಹಾಲ್ ಪೂರ್ತಿ ನಕ್ತು. ನಾನು ಬ್ಯಾಗಿಂದ ಏಳರ ಸರ ತೆಗೆದೆ, ಅದು ಯಾವಾಗ್ಲೂ ನನ್ನ ಹತ್ರ ಇರುತ್ತೆ, ಏಳೇಳು ಬಿಳಿ ಮಣಿಗಳ ಏಳು ಕಡ್ಡಿ, ಒಂದಕ್ಕೊಂದು ಕೊಂಡಿ. ಮೇಜಿನ ಮೇಲೆ ಉದ್ದಕ್ಕೆ ಹಾಸಿ 'ಬನ್ನಿ ಸಾರ್, ಎಣಿಸಿ' ಅಂದೆ. ಅವರು ನಿಜವಾಗ್ಲೂ ಬಂದ್ರು, ಕನ್ನಡಕ ಹಾಕ್ಕೊಂಡು ಒಂದೊಂದೇ ಮಣಿ ಮುಟ್ಟಿ ಎಣಿಸೋಕೆ ಶುರು ಮಾಡಿದ್ರು, ಪ್ರತಿ ಕಡ್ಡಿ ಮುಗಿದಾಗ ನಾನು ಚೀಟಿ ಇಡ್ತಾ ಹೋದೆ, ಏಳು, ಹದಿನಾಲ್ಕು, ಇಪ್ಪತ್ತೊಂದು, ಮೂರನೇ ಚೀಟಿಗೆ ಅವರು ಮಣಿ ಬಿಟ್ಟು ಚೀಟಿ ಓದ್ತಾ ಇದ್ರು, ನಲವತ್ತೊಂಬತ್ತು ಆದ್ಮೇಲೆ ನಾನು ಸರನ ಕೊಂಡಿ ಕೊಂಡಿಯಲ್ಲಿ ಮಡಚಿ ಪಕ್ಕ ಪಕ್ಕ ಜೋಡಿಸ್ದೆ, ಚಚ್ಚೌಕ ಆಯ್ತು. ಅವರು ಸುಮ್ನೆ ಅದನ್ನೇ ನೋಡ್ತಾ ನಿಂತ್ರು. 'ಏಳೇಳ್ಲಿ ನಲವತ್ತೊಂಬತ್ತು ಅಂತ ಮೂವತ್ತು ವರ್ಷ ಬಾಯಿಪಾಠ ಮಾಡಿಸ್ದೆ, ಅದಕ್ಕೆ ವರ್ಗ ಅಂತ ಯಾಕಂತಾರೆ ಅಂತ ಒಂದು ಹುಡುಗನಿಗೂ ಹೀಗೆ ತೋರಿಸ್ಲಿಲ್ಲ' ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಆದ್ರೂ ಬಾಯಿಪಾಠ ಬೇಕಮ್ಮಾ' ಅಂದ್ರು. ಬೇಕು ಸಾರ್, ಇದಾದ್ಮೇಲೆ ಅಂದೆ. ಅವರು ಇನ್ನೇನೋ ಹೇಳೋಕೆ ಬಾಯಿ ತೆಗೆದ್ರು, ಅಷ್ಟರಲ್ಲಿ ಕೆಳಗಡೆ ಹಾಲಲ್ಲಿ ಯಾರದೋ ನಾಮಕರಣಕ್ಕೆ ವಾಲಗ ಶುರುವಾಯ್ತು, ಚೇರುಗಳು ಬೇಕು ಅಂತ ಇಬ್ಬರು ಹುಡುಗರು ಮೇಲೆ ಬಂದ್ರು, ನಾನು ಮಣಿ ಸರ ಎತ್ಕೊಂಡೆ.